ಬಿರುಗಾಳಿಯನ್ನು ತಾಳಿಕೊಳ್ಳುವ ಮನೆಗಳ ನಿರ್ಮಾಣ: ಮಾಚೇನಹಳ್ಳಿ ಹಾಗೂ ಶಿವಮೊಗ್ಗ–ಭದ್ರಾವತಿ ಪ್ರದೇಶದ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಶಿವಮೊಗ್ಗ ಮತ್ತು ಭದ್ರಾವತಿ ನಗರಗಳ ನಡುವೆ, ಬಿ.ಎಚ್. ರಸ್ತೆಯಲ್ಲಿರುವ ಮಾಚೇನಹಳ್ಳಿಯು ಕೈಗಾರಿಕಾ ಪ್ರದೇಶವಾಗಿ ಬೆಳೆದಿದೆ. ಇಂತಹ ಪ್ರದೇಶಗಳ ಸುತ್ತಮುತ್ತ ಹೊಸ ಬಡಾವಣೆಗಳು, ಬಾಡಿಗೆ ಮನೆಗಳು ಮತ್ತು ಶೀಟು ಹೊದಿಸಿದ ಸಣ್ಣ ಮನೆಗಳು ಹೆಚ್ಚಾಗಿ ನಿರ್ಮಾಣವಾಗುತ್ತವೆ. ಅರಬ್ಬೀ ಸಮುದ್ರದ ತೀರವು ಇಲ್ಲಿಂದ ನೇರ ದೂರದಲ್ಲಿ ನೂರು ಕಿಲೋಮೀಟರಿಗೂ ಆಚೆ ಇದ್ದು, ನಡುವೆ ಪಶ್ಚಿಮ ಘಟ್ಟದ ಸಾಲು ಇದೆ. ಆದಕಾರಣ ಚಂಡಮಾರುತದ ಭಯ ತಮಗಿಲ್ಲವೆಂದು ಮನೆ ಕಟ್ಟುವವರು ಸಾಮಾನ್ಯವಾಗಿ ಭಾವಿಸುತ್ತಾರೆ.

ಚಂಡಮಾರುತದ ಮಟ್ಟಿಗೆ ಈ ಭಾವನೆ ಬಹುಪಾಲು ಸರಿಯಾಗಿದೆ. ಆದರೆ ಗಾಳಿಯ ಮಟ್ಟಿಗೆ ಸರಿಯಲ್ಲ. ಮುಂಗಾರು ಪೂರ್ವದ ಗುಡುಗು ಮಳೆಯೊಂದಿಗೆ ಕೆಲವೇ ನಿಮಿಷ ಬೀಸುವ ಬಿರುಗಾಳಿಯು ಸರಿಯಾಗಿ ಬಿಗಿಯದ ಚಾವಣಿಯನ್ನು ಕಿತ್ತೊಯ್ಯಲು ಸಾಕಾಗುತ್ತದೆ. ಅಂತಹ ಹಾನಿಗೆ ಗಾಳಿಯ ವೇಗಕ್ಕಿಂತ ಹೆಚ್ಚಾಗಿ, ಚಾವಣಿಯನ್ನು ಗೋಡೆಗೂ ಗೋಡೆಯನ್ನು ಅಡಿಪಾಯಕ್ಕೂ ಕಟ್ಟದೇ ಇರುವುದು ಕಾರಣವಾಗಿರುತ್ತದೆ. ಮನೆ ಕಟ್ಟಲು ಪರವಾನಗಿ ಕೋರುವವರು, ವಸತಿ ಯೋಜನೆಗಳ ಫಲಾನುಭವಿಗಳು ಹಾಗೂ ಈಗಾಗಲೇ ಶೀಟಿನ ಅಥವಾ ಹೆಂಚಿನ ಮನೆಯಲ್ಲಿ ವಾಸಿಸುತ್ತಿರುವವರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ನೀಡಲಾಗಿದೆ.

2. ಈ ಭಾಗದಲ್ಲಿ ಬೀಸುವ ಗಾಳಿಯ ಸ್ವರೂಪ

ಮನೆಗಳಿಗೆ ಹಾನಿ ಮಾಡುವ ಗಾಳಿಯು ಈ ಪ್ರದೇಶದಲ್ಲಿ ಮುಖ್ಯವಾಗಿ ಎರಡು ಬಗೆಯದು.

ಅ) ಮುಂಗಾರು ಪೂರ್ವದ ಬಿರುಗಾಳಿ: ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ, ಅಂದರೆ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ, ಹಗಲಿನ ಬಿಸಿಲಿಗೆ ಕಾದ ಗಾಳಿ ಮೇಲೇರಿ ಮಧ್ಯಾಹ್ನದ ನಂತರ ದಟ್ಟವಾದ ಗುಡುಗಿನ ಮೋಡಗಳಾಗುತ್ತವೆ. ಮಳೆ ಸುರಿಯಲಾರಂಭಿಸಿದಾಗ ಮೋಡದೊಳಗಿನ ತಂಪಾದ ಭಾರವಾದ ಗಾಳಿಯು ರಭಸದಿಂದ ಕೆಳಗಿಳಿದು, ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಈ ಗಾಳಿಗೆ ನಿಗದಿತ ದಿಕ್ಕು ಇರುವುದಿಲ್ಲ. ಆದ್ದರಿಂದ ಮನೆಯ ಪಶ್ಚಿಮ ಭಾಗವನ್ನು ಮಾತ್ರ ಭದ್ರಪಡಿಸಿದರೆ ಸಾಲದು.

ಆ) ಮುಂಗಾರಿನ ಗಾಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಹಾಗೂ ನೈಋತ್ಯ ದಿಕ್ಕಿನಿಂದ ದಿನಗಟ್ಟಲೆ ಬೀಸುತ್ತದೆ. ಒಂದೇ ಹೊಡೆತಕ್ಕೆ ಚಾವಣಿಯನ್ನು ಕೀಳುವಷ್ಟು ರಭಸ ಇದಕ್ಕೆ ಸಾಮಾನ್ಯವಾಗಿ ಇರದಿದ್ದರೂ, ಶೀಟನ್ನು ಸತತವಾಗಿ ಅಲುಗಾಡಿಸಿ ಬೋಲ್ಟಿನ ರಂಧ್ರಗಳನ್ನು ಅಗಲ ಮಾಡುತ್ತದೆ. ಮುಂದಿನ ಬೇಸಿಗೆಯ ಬಿರುಗಾಳಿಗೆ ಆ ಶೀಟು ಸುಲಭವಾಗಿ ಸಿಗುತ್ತದೆ.

ಇವುಗಳ ಜೊತೆಗೆ ಅರಬ್ಬೀ ಸಮುದ್ರದ ಚಂಡಮಾರುತಗಳ ಹೊರ ಅಂಚು ಆಗೊಮ್ಮೆ ಈಗೊಮ್ಮೆ ರಾಜ್ಯವನ್ನು ತಟ್ಟುತ್ತದೆ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತವು ಪಶ್ಚಿಮ ಕರಾವಳಿಯುದ್ದಕ್ಕೂ ಸಾಗಿ ಗುಜರಾತಿನಲ್ಲಿ ಭೂಸ್ಪರ್ಶ ಮಾಡಿತು. ಅದರ ಪರಿಣಾಮವಾಗಿ ರಾಜ್ಯದ ಕರಾವಳಿ ಹಾಗೂ ಮಲೆನಾಡಿನಲ್ಲಿ ಗಾಳಿ ಮಳೆಯಾಯಿತು.

ಹೊಸ ಬಡಾವಣೆಗಳಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಒತ್ತಾಗಿ ಮನೆಗಳಿರುವ ಹಳೆಯ ಊರಿನಲ್ಲಿ ಒಂದು ಮನೆ ಇನ್ನೊಂದಕ್ಕೆ ಮರೆಯಾಗುತ್ತದೆ. ಗದ್ದೆ ಬಯಲಿನ ನಡುವೆ ಬಿಡಿಬಿಡಿಯಾಗಿ ನಿಂತ ಮನೆಗೆ ಆ ಮರೆ ಇರುವುದಿಲ್ಲ. ಒಂದೇ ನಕ್ಷೆಯಂತೆ ಕಟ್ಟಿದ ಎರಡು ಮನೆಗಳಲ್ಲಿ ಬಯಲಿನಲ್ಲಿರುವ ಮನೆಯೇ ಹೆಚ್ಚಿನ ಒತ್ತಡವನ್ನು ಎದುರಿಸುತ್ತದೆ.

3. ಗಾಳಿಯ ವೇಗ ಮತ್ತು ಒತ್ತಡ

ಕಟ್ಟಡಗಳ ಮೇಲೆ ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ದೇಶದಲ್ಲಿ ಬಳಕೆಯಲ್ಲಿರುವ ಮಾನಕವು ಭಾರತೀಯ ಮಾನಕ ಬ್ಯೂರೋ ಪ್ರಕಟಿಸಿರುವ ಐಎಸ್ 875 (ಭಾಗ 3). 1987ರ ಆವೃತ್ತಿಯನ್ನು 2015ರಲ್ಲಿ ಪರಿಷ್ಕರಿಸಲಾಗಿದೆ. ಅದರ ನಕ್ಷೆಯು ದೇಶವನ್ನು ಸೆಕೆಂಡಿಗೆ 33, 39, 44, 47, 50 ಮತ್ತು 55 ಮೀಟರ್ ಎಂಬ ಆರು ಮೂಲ ವೇಗಗಳ ವಲಯಗಳಾಗಿ ವಿಂಗಡಿಸಿದೆ. ಬೆಂಗಳೂರು ಮತ್ತು ಮೈಸೂರು 33ರ ವಲಯದಲ್ಲಿ, ಮಂಗಳೂರು 39ರ ವಲಯದಲ್ಲಿ, ಪೂರ್ವ ಕರಾವಳಿಯ ಚೆನ್ನೈ ಮತ್ತು ವಿಶಾಖಪಟ್ಟಣಗಳು 50ರ ವಲಯದಲ್ಲಿ ಬರುತ್ತವೆ.

ಮೂಲ ವೇಗವೆಂದರೆ ಬಯಲು ಪ್ರದೇಶದಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಮೂರು ಸೆಕೆಂಡುಗಳ ಕಾಲ ಬೀಸುವ ರಭಸದ ಗಾಳಿಯ ವೇಗ. ಅದನ್ನು ಮೀರುವ ಗಾಳಿ ಯಾವುದೇ ಒಂದು ವರ್ಷದಲ್ಲಿ ಬರುವ ಸಾಧ್ಯತೆ ನೂರಕ್ಕೆ ಸುಮಾರು 2ರಷ್ಟು.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಸೆಕೆಂಡಿಗೆ 33 ಮೀಟರ್ ಎಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ಗಾಳಿಯ ಬಲವನ್ನು ಅಳೆಯುವ ಬೋಫೋರ್ಟ್ ಶ್ರೇಣಿಯಲ್ಲಿ ಅತ್ಯುನ್ನತ ಮಟ್ಟವಾದ 12ನೆಯ ಶ್ರೇಣಿ, ಅಂದರೆ ಚಂಡಮಾರುತದ ಬಲ, ಆರಂಭವಾಗುವುದು ಗಂಟೆಗೆ 118 ಕಿಲೋಮೀಟರಿನಿಂದ. ಚಂಡಮಾರುತದ ವೇಗವನ್ನು ಕೆಲವು ನಿಮಿಷಗಳ ಸರಾಸರಿಯಾಗಿ ಹೇಳಲಾಗುತ್ತದೆ. ಮಾನಕದ ಅಂಕಿಯು ಮೂರು ಸೆಕೆಂಡುಗಳದ್ದು. ಆದ್ದರಿಂದ ಎರಡೂ ಒಂದೇ ಅಲ್ಲ. ಆದರೆ ಆ ಮೂರು ಸೆಕೆಂಡುಗಳಲ್ಲಿ ಶೀಟಿನ ಮೇಲೆ ಬೀಳುವ ಒತ್ತಡ ಅಷ್ಟೇ ಇರುತ್ತದೆ. ದೇಶದ ಅತ್ಯಂತ ಕಡಿಮೆ ಗಾಳಿಯ ವಲಯದಲ್ಲಿ ಕಟ್ಟುವ ಮನೆಯೂ ಇಷ್ಟು ರಭಸವನ್ನು ಕ್ಷಣಕಾಲ ತಾಳಿಕೊಳ್ಳಬೇಕೆಂಬುದು ಮಾನಕದ ಅಪೇಕ್ಷೆ.

ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಒಂದು ಚದರ ಮೀಟರ್ ಮೇಲ್ಮೈಯ ಮೇಲಿನ ಮೂಲ ಒತ್ತಡ ಸ್ಥೂಲವಾಗಿ ಈ ಕೆಳಗಿನಂತಿದೆ:

ಗಂಟೆಗೆ 50 ಕಿ.ಮೀ. – ಸುಮಾರು 12 ಕಿಲೋ
ಗಂಟೆಗೆ 80 ಕಿ.ಮೀ. – ಸುಮಾರು 30 ಕಿಲೋ
ಗಂಟೆಗೆ 119 ಕಿ.ಮೀ. (33ರ ವಲಯ) – ಸುಮಾರು 67 ಕಿಲೋ
ಗಂಟೆಗೆ 140 ಕಿ.ಮೀ. (39ರ ವಲಯ) – ಸುಮಾರು 93 ಕಿಲೋ
ಗಂಟೆಗೆ 180 ಕಿ.ಮೀ. (50ರ ವಲಯ) – ಸುಮಾರು 153 ಕಿಲೋ

ಇದಕ್ಕೆ ಎದುರಾಗಿ ಚಾವಣಿಯ ಸ್ವಂತ ತೂಕವನ್ನು, ಅದೇ ಒಂದು ಚದರ ಮೀಟರಿಗೆ, ಹೋಲಿಸಿ ನೋಡಬಹುದು:

ಅರ್ಧ ಮಿಲಿಮೀಟರ್ ದಪ್ಪದ ಜಿಂಕ್ ಶೀಟು – 4ರಿಂದ 5 ಕಿಲೋ
ಸಿಮೆಂಟ್ ಶೀಟು – 13 ಕಿಲೋ ಆಸುಪಾಸು
ಮಂಗಳೂರು ಹೆಂಚು (ಹೆಂಚು ಮಾತ್ರ) – 30 ಕಿಲೋಗೂ ಹೆಚ್ಚು
10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಾರಸಿ – ಸುಮಾರು 250 ಕಿಲೋ

ಹವಾಮಾನ ಮುನ್ಸೂಚನೆಯಲ್ಲಿ ಆಗಾಗ ಕೇಳಿಬರುವ ಗಂಟೆಗೆ 50 ಕಿಲೋಮೀಟರ್ ವೇಗದ ಗಾಳಿಯೇ, ಬೋಲ್ಟು ಹಾಕದ ಜಿಂಕ್ ಶೀಟನ್ನು ಎತ್ತಲು ಸಾಕೆಂಬುದು ಈ ಅಂಕಿಗಳಿಂದ ತಿಳಿದುಬರುತ್ತದೆ. ಕಾಂಕ್ರೀಟ್ ತಾರಸಿಯು ತನ್ನ ತೂಕದಿಂದಲೇ ನಿಲ್ಲುತ್ತದೆ. ಉಳಿದೆಲ್ಲ ಚಾವಣಿಗಳೂ ಜೋಡಣೆಯ ಬಲದಿಂದ ನಿಲ್ಲಬೇಕು.

4. ಚಾವಣಿ ಹಾರಿಹೋಗುವ ಬಗೆ

ಗಾಳಿ ಗೋಡೆಯನ್ನು ದೂಡುತ್ತದೆ, ಚಾವಣಿಯನ್ನು ಎತ್ತುತ್ತದೆ. ಕಡಿಮೆ ಇಳಿಜಾರಿನ ಚಾವಣಿಯ ಮೇಲೆ ಗಾಳಿ ವೇಗವಾಗಿ ಹಾದುಹೋಗುವಾಗ ಮೇಲ್ಭಾಗದಲ್ಲಿ ಹೀರುವಿಕೆ ಉಂಟಾಗುತ್ತದೆ. ಈ ಹೀರುವಿಕೆ ಚಾವಣಿಯ ಮಧ್ಯಭಾಗಕ್ಕಿಂತ ಅಂಚು, ಮೂಲೆ ಹಾಗೂ ಸೂರುಗಳಲ್ಲಿ ಹೆಚ್ಚು. ಹಾನಿಯು ಸಾಮಾನ್ಯವಾಗಿ ಮೂಲೆಯ ಒಂದು ಶೀಟಿನಿಂದ ಆರಂಭವಾಗಿ ಉಳಿದವುಗಳಿಗೆ ಹರಡುವುದು ಇದೇ ಕಾರಣದಿಂದ.

ಇದರೊಂದಿಗೆ ಗಾಳಿಗೆ ಎದುರಾಗಿರುವ ಬಾಗಿಲು ಅಥವಾ ಕಿಟಕಿ ತೆರೆದಿದ್ದರೆ, ಅಥವಾ ಒಡೆದರೆ, ಗಾಳಿ ಒಳನುಗ್ಗಿ ಚಾವಣಿಯನ್ನು ಒಳಗಿನಿಂದಲೂ ದೂಡುತ್ತದೆ. ಮಾನಕದ ಲೆಕ್ಕದಂತೆ, ಎಲ್ಲ ಕಡೆ ಮುಚ್ಚಿದ ಮನೆಗಿಂತ ಒಂದು ಕಡೆ ದೊಡ್ಡದಾಗಿ ತೆರೆದ ಕಟ್ಟಡದ ಚಾವಣಿಯ ಮೇಲಿನ ಒಟ್ಟು ಎತ್ತುವಿಕೆ ಸುಮಾರು ಒಂದೂವರೆ ಪಟ್ಟು ಆಗಬಹುದು. ಮುಂಭಾಗ ತೆರೆದಿರುವ ವಾಹನದ ಶೆಡ್ಡು, ಕೊಟ್ಟಿಗೆ, ಅಡಿಕೆ ಸುಲಿಯುವ ಚಪ್ಪರಗಳು ಮೊದಲು ಹಾನಿಗೊಳಗಾಗುವುದಕ್ಕೆ ಇದೂ ಒಂದು ಕಾರಣ.

ಶೀಟಿನ ಮೇಲೆ ಕಲ್ಲು ಇಡುವ ಪದ್ಧತಿಯ ಬಗ್ಗೆ: ಶೀಟು ಹಾರದಿರಲೆಂದು ಅದರ ಮೇಲೆ ಸೈಜುಗಲ್ಲು, ಮರಳಿನ ಚೀಲ, ಹಳೆಯ ಟೈರು ಇಡುವುದು ವ್ಯಾಪಕವಾಗಿ ರೂಢಿಯಲ್ಲಿದೆ. 3 ಮೀಟರ್ ಅಗಲ, 4 ಮೀಟರ್ ಉದ್ದದ ಒಂದು ಕೋಣೆಯನ್ನು ತೆಗೆದುಕೊಂಡರೆ ಚಾವಣಿ 12 ಚದರ ಮೀಟರ್ ಆಗುತ್ತದೆ. ಮಾನಕದ ಅತಿ ಕಡಿಮೆ ವಲಯದ ರಭಸಕ್ಕೆ ಅದರ ಮೇಲಿನ ಎತ್ತುವಿಕೆ ಸ್ಥೂಲವಾಗಿ 800 ಕಿಲೋ. ಶೀಟು ಮತ್ತು ಪೈಪುಗಳ ತೂಕ ಸೇರಿ ಸುಮಾರು 120 ಕಿಲೋ ಇರಬಹುದು. ಹತ್ತು ಕಿಲೋ ತೂಕದ ಇಪ್ಪತ್ತು ಕಲ್ಲುಗಳನ್ನು ಇಟ್ಟರೂ ಸೇರುವುದು 200 ಕಿಲೋ ಮಾತ್ರ. ಉಳಿದ 480 ಕಿಲೋಗಳಿಗೆ ಉತ್ತರವಿಲ್ಲ. ಶೀಟು ಎದ್ದಾಗ ಅದೇ ಕಲ್ಲುಗಳು ಒಳಗೆ ಮಲಗಿದ್ದವರ ಮೇಲೆ ಅಥವಾ ಪಕ್ಕದ ಮನೆಯ ಮೇಲೆ ಬೀಳುತ್ತವೆ. ಆದ್ದರಿಂದ ಕಲ್ಲು ಇಡುವುದು ರಕ್ಷಣೆಯಲ್ಲ. ಅದು ಪ್ರಾಣಾಪಾಯಕ್ಕೆ ಕಾರಣವಾಗುವ ಪದ್ಧತಿ.

5. ಹೊಸದಾಗಿ ಮನೆ ಕಟ್ಟುವವರು ಪಾಲಿಸತಕ್ಕ ಕ್ರಮಗಳು

ಕಡಿಮೆ ಎತ್ತರದ ಮನೆಗಳನ್ನು ಚಂಡಮಾರುತದ ಗಾಳಿಗೆ ತಕ್ಕಂತೆ ಬಲಪಡಿಸುವ ಕುರಿತು ಐಎಸ್ 15498 ಎಂಬ ಪ್ರತ್ಯೇಕ ಮಾರ್ಗಸೂಚಿ 2004ರಲ್ಲಿ ಪ್ರಕಟವಾಗಿದೆ. ಅದು ಹೆಚ್ಚು ಗಾಳಿಯ ಕರಾವಳಿ ಪ್ರದೇಶಗಳನ್ನು ಉದ್ದೇಶಿಸಿದ್ದರೂ, ಅದರ ತತ್ವಗಳು ಒಳನಾಡಿನ ಶೀಟಿನ ಹಾಗೂ ಹೆಂಚಿನ ಮನೆಗಳಿಗೂ ಅನ್ವಯಿಸುತ್ತವೆ. ಮುಖ್ಯ ತತ್ವ ಒಂದೇ: ಶೀಟಿನಿಂದ ಪೈಪಿಗೆ, ಪೈಪಿನಿಂದ ಕಾಂಕ್ರೀಟ್ ಬೆಲ್ಟಿಗೆ, ಬೆಲ್ಟಿನಿಂದ ಗೋಡೆಗೆ, ಗೋಡೆಯಿಂದ ಅಡಿಪಾಯಕ್ಕೆ ಎಲ್ಲಿಯೂ ಕಡಿಯದ ಸರಪಳಿಯಂತೆ ಜೋಡಣೆ ಇರಬೇಕು. ಒಂದು ಕೊಂಡಿ ಸಡಿಲವಾದರೆ ಉಳಿದ ಕೊಂಡಿಗಳ ಬಲ ವ್ಯರ್ಥವಾಗುತ್ತದೆ.

5.1 ಮನೆಯ ಆಕಾರ
ಚೌಕ ಅಥವಾ ಉದ್ದವು ಅಗಲದ ಮೂರು ಪಟ್ಟಿಗಿಂತ ಕಡಿಮೆ ಇರುವ ಆಯತಾಕಾರದ ಮನೆ ಉತ್ತಮ. ಸಾಲಾಗಿ ಕಟ್ಟುವ ಬಾಡಿಗೆ ಕೋಣೆಗಳಲ್ಲಿ ಪ್ರತಿ ಕೋಣೆಯ ಅಡ್ಡಗೋಡೆಯನ್ನು ಚಾವಣಿಯವರೆಗೂ ಏರಿಸಿ, ಉದ್ದಗೋಡೆಯೊಂದಿಗೆ ಬೆಸೆದು ಕಟ್ಟಬೇಕು.

5.2 ಚಾವಣಿಯ ಇಳಿಜಾರು
ಬಹುತೇಕ ಸಮತಟ್ಟಾದ ಶೀಟಿನ ಚಾವಣಿಯ ಮೇಲೆ ಹೀರುವಿಕೆ ಹೆಚ್ಚು. 22ರಿಂದ 30 ಡಿಗ್ರಿಯಷ್ಟು ಇಳಿಜಾರು ಗಾಳಿಗೂ ಮಲೆನಾಡಿನ ಮಳೆಗೂ ಹೊಂದುತ್ತದೆ. ಎರಡು ಕಡೆ ಇಳಿಜಾರಿನ ಚಾವಣಿಗಿಂತ ನಾಲ್ಕೂ ಕಡೆ ಇಳಿಜಾರು ಇರುವ ಚಾವಣಿಯು ಹೆಚ್ಚು ಭದ್ರ. ಅದರಲ್ಲಿ ತ್ರಿಕೋನಾಕಾರದ ಪಕ್ಕದ ಗೋಡೆ ಇರುವುದಿಲ್ಲವಾದ್ದರಿಂದ ಆ ಗೋಡೆ ಬೀಳುವ ಅಪಾಯವೂ ಇಲ್ಲ.

5.3 ಸೂರು
ಮಲೆನಾಡಿನ ಮನೆಗಳಲ್ಲಿ ಗೋಡೆಗೆ ಎರಚಲು ಬಡಿಯದಿರಲೆಂದು ಸೂರನ್ನು ಉದ್ದವಾಗಿ ಇಳಿಸುವುದು ವಾಡಿಕೆ. ಆದರೆ ಉದ್ದವಾದ ಸೂರಿನ ಕೆಳಗೆ ಗಾಳಿ ಸಿಕ್ಕಿಕೊಂಡು ಕೆಳಗಿನಿಂದ ದೂಡುತ್ತದೆ, ಮೇಲಿನಿಂದ ಹೀರುತ್ತದೆ. ಹಾಗಾಗಿ ಮುಖ್ಯ ಚಾವಣಿಯ ಸೂರನ್ನು 45ರಿಂದ 50 ಸೆಂಟಿಮೀಟರಿಗೆ ಮಿತಿಗೊಳಿಸುವುದು ಒಳ್ಳೆಯದು. ಎರಚಲಿನ ರಕ್ಷಣೆಗೆ ಜಗಲಿಯ ಮಾಡನ್ನು ಮುಖ್ಯ ಚಾವಣಿಯಿಂದ ಬೇರ್ಪಡಿಸಿ, ಕೆಳಮಟ್ಟದಲ್ಲಿ, ಸ್ವಂತ ಕಂಬಗಳ ಮೇಲೆ ನಿಲ್ಲಿಸಬೇಕು. ಗಾಳಿಗೆ ಜಗಲಿಯ ಮಾಡು ಕಿತ್ತುಹೋದರೂ ಮುಖ್ಯ ಚಾವಣಿ ಉಳಿಯುತ್ತದೆ.

5.4 ಕಾಂಕ್ರೀಟ್ ಬೆಲ್ಟು ಮತ್ತು ಪೈಪಿನ ಜೋಡಣೆ
ಶೀಟಿನ ಮನೆಗಳಲ್ಲಿ ಅತಿ ಹೆಚ್ಚು ಕಂಡುಬರುವ ಲೋಪವೆಂದರೆ, ಚಾವಣಿಯ ಪೈಪುಗಳನ್ನು ಗೋಡೆಯ ಮೇಲೆ ಸುಮ್ಮನೆ ಇರಿಸಿ, ಸುತ್ತ ಒಂದು ವರಸೆ ಬ್ಲಾಕು ಕಟ್ಟಿ ಗಾರೆ ಮೆತ್ತುವುದು. 15 ಸೆಂಟಿಮೀಟರ್ ದಪ್ಪದ ಗೋಡೆಯಲ್ಲಿ ಘನ ಬ್ಲಾಕಿನ ಒಂದು ವರಸೆಯ ತೂಕ ಮೀಟರಿಗೆ ಸುಮಾರು 60 ಕಿಲೋ. ಮೇಲೆ ಹೇಳಿದ ಕೋಣೆಯ ಸುತ್ತಳತೆಗೆ ಅದು ಸುಮಾರು 850 ಕಿಲೋ ಆಗುತ್ತದೆ. ಲೆಕ್ಕಕ್ಕೆ ಸಾಕೆನಿಸಿದರೂ, ಎತ್ತುವಿಕೆಯು ಎಲ್ಲ ಕಡೆ ಸಮನಾಗಿ ಬೀಳದೆ ಒಂದು ಮೂಲೆಯಲ್ಲಿ ಕೇಂದ್ರೀಕೃತವಾಗುವುದರಿಂದ ಅಲ್ಲಿನ ಎರಡು ಮೂರು ಬ್ಲಾಕುಗಳು ಗಾರೆಯಿಂದ ಬಿಟ್ಟುಕೊಂಡು ಪೈಪಿನೊಂದಿಗೆ ಎದ್ದುಬರುತ್ತವೆ.

ಇದರ ಬದಲು:
– ಎಲ್ಲ ಗೋಡೆಗಳ ತಲೆಯ ಮೇಲೆ, ಎಲ್ಲಿಯೂ ಕಡಿಯದಂತೆ, ಕನಿಷ್ಠ 7.5ರಿಂದ 10 ಸೆಂಟಿಮೀಟರ್ ದಪ್ಪದ, ಎರಡು ಕಬ್ಬಿಣದ ಸರಳುಗಳುಳ್ಳ ಕಾಂಕ್ರೀಟ್ ಬೆಲ್ಟು ಹಾಕಬೇಕು.
– ಬೆಲ್ಟು ಹಾಕುವ ಮೊದಲೇ ಪ್ರತಿ ಪೈಪು ಬರುವ ಜಾಗದಲ್ಲಿ 10 ಅಥವಾ 12 ಮಿಲಿಮೀಟರ್ ಸರಳನ್ನು ಕನಿಷ್ಠ ಎರಡು ಮೂರು ವರಸೆ ಕೆಳಗಿನಿಂದ ತಂದು, ಕೆಳತುದಿಯನ್ನು ಬಗ್ಗಿಸಿ, ಬೆಲ್ಟಿನ ಮೂಲಕ ಮೇಲಕ್ಕೆ ಬಿಡಬೇಕು. ಇದರಿಂದ ಚಾವಣಿಗೆ ಆಧಾರವಾಗಿ ಬೆಲ್ಟಿನ ತೂಕದೊಂದಿಗೆ ಕೆಳಗಿನ ವರಸೆಗಳ ತೂಕವೂ ಸೇರುತ್ತದೆ.
– ಪೈಪನ್ನು ಆ ಸರಳಿಗೆ ವೆಲ್ಡಿಂಗ್ ಮಾಡಬೇಕು ಅಥವಾ ಪಟ್ಟಿ ಇಟ್ಟು ನಟ್ಟು ಬಿಗಿಯಬೇಕು. ವೆಲ್ಡಿಂಗ್ ಮಾಡಿದ ಜಾಗಕ್ಕೆ ತುಕ್ಕು ತಡೆಯುವ ಬಣ್ಣ ಬಳಿಯಬೇಕು.
– ಮರದ ತೊಲೆ, ಪಕಾಸಿಗಳಿದ್ದಲ್ಲಿ ಮೊಳೆಯನ್ನಷ್ಟೇ ನಂಬದೆ, ಎರಡೂ ಮರಗಳನ್ನು ಕಬ್ಬಿಣದ ಪಟ್ಟಿಯಿಂದ ಅಪ್ಪಿ ಹಿಡಿಸಿ ಬೋಲ್ಟು ಹಾಕಬೇಕು.

5.5 ಶೀಟಿನ ಜೋಡಣೆ
– ಬಹಳ ತೆಳುವಾದ ಶೀಟು ಬೋಲ್ಟಿನ ಸುತ್ತ ಬೇಗ ಹರಿಯುತ್ತದೆ. 0.5 ಮಿಲಿಮೀಟರಿಗಿಂತ ಕಡಿಮೆ ದಪ್ಪದ ಶೀಟನ್ನು ವಾಸದ ಮನೆಗೆ ಬಳಸದಿರುವುದು ಒಳ್ಳೆಯದು.
– ಜೆ ಆಕಾರದ ಬೋಲ್ಟು 8 ಮಿಲಿಮೀಟರ್ ದಪ್ಪದ್ದಾಗಿರಬೇಕು. ಬಲವಾದ ಎತ್ತುವಿಕೆಗೆ ಜೆ ಬೋಲ್ಟಿನ ಕೊಕ್ಕೆ ಬಿಚ್ಚಿಕೊಳ್ಳುತ್ತದೆ. ಪೈಪನ್ನು ಎರಡೂ ಕಡೆಯಿಂದ ಅಪ್ಪುವ ಯು ಬೋಲ್ಟು ಹೆಚ್ಚು ಭದ್ರ. ಅಂಚಿನ ಸಾಲುಗಳಿಗಾದರೂ ಅದನ್ನು ಬಳಸಬೇಕು.
– ಬೋಲ್ಟನ್ನು ಶೀಟಿನ ಉಬ್ಬಿನ ಮೇಲೆ ಹಾಕಬೇಕು. ತಗ್ಗಿನಲ್ಲಿ ಹಾಕಿದರೆ ನೀರು ಸೋರುತ್ತದೆ. ಪ್ರತಿ ಬೋಲ್ಟಿಗೆ ಅಗಲವಾದ ಲೋಹದ ವಾಷರು ಮತ್ತು ಡಾಂಬರು ಅಥವಾ ರಬ್ಬರಿನ ವಾಷರು ಇರಬೇಕು.
– ಸೂರಿನ ಸಾಲು, ನೆತ್ತಿಯ ಸಾಲು ಹಾಗೂ ಎರಡು ಪಕ್ಕದ ಅಂಚುಗಳಲ್ಲಿ ಬೋಲ್ಟುಗಳ ಸಂಖ್ಯೆಯನ್ನು ಮಧ್ಯಭಾಗದ ಎರಡರಷ್ಟು ಮಾಡಬೇಕು. ಸೂರಿನ ತುದಿಯ ಪೈಪುಗಳನ್ನು ಮಧ್ಯದ ಪೈಪುಗಳಿಗಿಂತ ಹತ್ತಿರ ಇಡಬೇಕು.
– ಸಿಮೆಂಟ್ ಶೀಟಿಗೆ ಮೊಳೆ ಹೊಡೆಯಬಾರದು. ರಂಧ್ರ ಕೊರೆದೇ ಬೋಲ್ಟು ಹಾಕಬೇಕು. ಹಳೆಯ ಕಲ್ನಾರಿನ ಶೀಟುಗಳನ್ನು ಕತ್ತರಿಸುವಾಗ ಅಥವಾ ಕೊರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಹಾನಿಕರ.

5.6 ಹೆಂಚಿನ ಚಾವಣಿ
ಹೆಂಚುಗಳ ಸಂದಿಯಿಂದ ಗಾಳಿ ಹಾದುಹೋಗುವುದರಿಂದ ಒಳಗಿನ ಒತ್ತಡ ಸ್ವಲ್ಪ ತಗ್ಗುತ್ತದೆ. ಆದ್ದರಿಂದ ಹೆಂಚಿನ ಮನೆಯಲ್ಲಿ ಇಡೀ ಚಾವಣಿ ಒಮ್ಮೆಗೇ ಹಾರುವುದು ಅಪರೂಪ. ಬದಲಾಗಿ ಸೂರಿನ, ನೆತ್ತಿಯ ಹಾಗೂ ಅಂಚಿನ ಹೆಂಚುಗಳು ಬಿಡಿಬಿಡಿಯಾಗಿ ಎದ್ದು ಬೀಳುತ್ತವೆ. ಸೂರಿನಿಂದ ಮೊದಲ ಎರಡು ಸಾಲು ಹಾಗೂ ಎರಡೂ ಪಕ್ಕದ ಅಂಚಿನ ಹೆಂಚುಗಳನ್ನು ತುಕ್ಕು ಹಿಡಿಯದ ತಂತಿಯಿಂದ ರೀಪಿಗೆ ಕಟ್ಟಬೇಕು. ನೆತ್ತಿಯ ಹೆಂಚುಗಳನ್ನು ಸಿಮೆಂಟ್ ಗಾರೆಯಲ್ಲಿ ಕೂರಿಸಬೇಕು. ಗೆದ್ದಲು ಹಿಡಿದ ರೀಪುಗಳನ್ನು ಮಳೆಗಾಲಕ್ಕೆ ಮುನ್ನ ಬದಲಾಯಿಸಬೇಕು.

5.7 ಗೋಡೆಗಳು, ಬಾಗಿಲು, ಕಿಟಕಿ
ಎರಡು ಕಡೆ ಇಳಿಜಾರಿನ ಮನೆಯಲ್ಲಿ ತ್ರಿಕೋನಾಕಾರದ ಗೋಡೆಯ ಇಳಿಜಾರು ಅಂಚಿನ ಮೇಲೂ ಬೆಲ್ಟು ಹಾಕಿ, ಕೆಳಗಿನ ಬೆಲ್ಟಿಗೆ ಸೇರಿಸಬೇಕು. ಉದ್ದವಾದ ಗೋಡೆಗೆ ಅಡ್ಡಗೋಡೆ ಇಲ್ಲದಿದ್ದಲ್ಲಿ ನಡುವೆ ಕಂಬ ಕೊಡಬೇಕು. ಬಾಗಿಲು ಕಿಟಕಿಗಳನ್ನು ಗೋಡೆಯ ಮೂಲೆಗೆ ತೀರ ಹತ್ತಿರ ಇಡಬಾರದು. ಚೌಕಟ್ಟುಗಳನ್ನು ಗೋಡೆಗೆ ಹಿಡಿಸುವ ಕಬ್ಬಿಣದ ಪಟ್ಟಿಗಳನ್ನು ಬಿಡದೆ ಹಾಕಿಸಬೇಕು, ಬಾಗಿಲಿಗೆ ಮೇಲೂ ಕೆಳಗೂ ಚಿಲಕ ಇರಬೇಕು. ಕಾಂಪೌಂಡ್ ಗೋಡೆಯೂ ಗಾಳಿಗೆ ಬೀಳುತ್ತದೆ. ತೆಳುವಾದ ಗೋಡೆಗೆ ಅಲ್ಲಲ್ಲಿ ಕಂಬ ಇರಬೇಕು.

6. ಈಗಾಗಲೇ ಕಟ್ಟಿರುವ ಮನೆಗಳಲ್ಲಿ ಮಾಡಬಹುದಾದ ಕೆಲಸ

ಮನೆಯನ್ನು ಒಡೆಯದೆಯೂ ಭದ್ರತೆಯನ್ನು ಹೆಚ್ಚಿಸಬಹುದು. ಮಾರ್ಚ್ ತಿಂಗಳೊಳಗೆ ಈ ಕೆಳಗಿನ ಕೆಲಸಗಳನ್ನು ಮುಗಿಸಿಕೊಳ್ಳುವುದು ಸೂಕ್ತ.

– ಸಡಿಲವಾದ ಬೋಲ್ಟುಗಳನ್ನು ಬಿಗಿಯುವುದು. ಅಗಲವಾದ ರಂಧ್ರಗಳಿದ್ದಲ್ಲಿ ದೊಡ್ಡ ವಾಷರು ಹಾಕುವುದು. ಅಂಚಿನ ಸಾಲುಗಳಿಗೆ ಹೆಚ್ಚುವರಿ ಬೋಲ್ಟು ಸೇರಿಸುವುದು.
– ಪೈಪುಗಳು ಗೋಡೆಗೆ ಕಟ್ಟಿಲ್ಲದಿದ್ದಲ್ಲಿ, ಪ್ರತಿ ಪೈಪಿನ ಎರಡೂ ತುದಿಯನ್ನು ಕಬ್ಬಿಣದ ಪಟ್ಟಿಯಿಂದ ಅಪ್ಪಿಸಿ, ಆ ಪಟ್ಟಿಯನ್ನು ಗೋಡೆಯ ಒಳಮೈಯಲ್ಲಿ ಲಿಂಟಲ್ ಮಟ್ಟದವರೆಗೆ ಇಳಿಸಿ ಲಿಂಟಲ್ ಕಾಂಕ್ರೀಟಿಗೆ ಬೋಲ್ಟು ಮಾಡುವುದು. ಟೊಳ್ಳು ಬ್ಲಾಕಿಗೆ ಬೋಲ್ಟು ಹೊಡೆದರೆ ಹಿಡಿತ ಸಿಗುವುದಿಲ್ಲ.
– ಶೀಟಿನ ಮೇಲಿನ ಕಲ್ಲು, ಟೈರು, ಸೌದೆ, ಹಳೆಯ ಸಾಮಾನುಗಳನ್ನು ಇಳಿಸುವುದು. ಶೀಟನ್ನು ಬೋಲ್ಟಿನಿಂದ ಬಿಗಿದ ನಂತರವೇ ಇಳಿಸಬೇಕು.
– ನೀರಿನ ಟ್ಯಾಂಕು, ಸೋಲಾರ್ ಹೀಟರು, ಡಿಶ್ ಆಂಟೆನಾಗಳನ್ನು ಕಟ್ಟುವುದು. ಖಾಲಿ ಪ್ಲಾಸ್ಟಿಕ್ ಟ್ಯಾಂಕು ಹಗುರವಾಗಿ ಹಾರುತ್ತದೆ. ಗಾಳಿಯ ಕಾಲದಲ್ಲಿ ಅದನ್ನು ತುಂಬಿಸಿಡಬೇಕು.
– ಮನೆಯ ಮೇಲೆ ಬಾಗಿರುವ ತೆಂಗು, ನೀಲಗಿರಿ, ಸಿಲ್ವರ್ ಓಕ್ ಮರಗಳ ಒಣ ಭಾಗಗಳನ್ನು ತೆಗೆಸುವುದು. ವಿದ್ಯುತ್ ತಂತಿಗೆ ತಾಗುವ ಕೊಂಬೆಗಳ ಬಗ್ಗೆ ಮೆಸ್ಕಾಂಗೆ ತಿಳಿಸಬೇಕು, ಸ್ವತಃ ಕಡಿಯಬಾರದು.

ಶೀಟಿನ ಮೇಲೆ ಹತ್ತಿ ಕೆಲಸ ಮಾಡುವವರು ಹಲಗೆ ಹಾಸಿಕೊಂಡು, ಪೈಪಿನ ನೇರಕ್ಕೆ ಮಾತ್ರ ಕಾಲಿಡತಕ್ಕದ್ದು. ಸಿಮೆಂಟ್ ಶೀಟು ಭಾರಕ್ಕೆ ಹಠಾತ್ತನೆ ಒಡೆಯುತ್ತದೆ.

7. ಕಟ್ಟಡ ಪರವಾನಗಿ ಮತ್ತು ತಾಂತ್ರಿಕ ಸಲಹೆ

ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಮನೆ ಕಟ್ಟಲು ಆಯಾ ಗ್ರಾಮ ಪಂಚಾಯಿತಿಯಿಂದ, ಶಿವಮೊಗ್ಗ ನಗರದಲ್ಲಿ ಮಹಾನಗರ ಪಾಲಿಕೆಯಿಂದ ಹಾಗೂ ಭದ್ರಾವತಿಯಲ್ಲಿ ನಗರಸಭೆಯಿಂದ ಪರವಾನಗಿ ಪಡೆಯತಕ್ಕದ್ದು. ಬಡಾವಣೆಗಳ ವಿನ್ಯಾಸಕ್ಕೆ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇದೆಯೇ ಎಂಬುದನ್ನು ನಿವೇಶನ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಕೈಗಾರಿಕಾ ಪ್ರದೇಶದ ನಿವೇಶನಗಳ ವಿಚಾರದಲ್ಲಿ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯನ್ನು ಸಂಪರ್ಕಿಸಬೇಕು.

ನಕ್ಷೆ ಸಿದ್ಧಪಡಿಸುವ ಎಂಜಿನಿಯರರಿಂದ ಮೂರು ವಿಷಯಗಳನ್ನು ಕೇಳಿ ಪಡೆಯಬೇಕು: ವಿನ್ಯಾಸಕ್ಕೆ ತೆಗೆದುಕೊಂಡಿರುವ ಗಾಳಿಯ ಮೂಲ ವೇಗ ಎಷ್ಟು, ಚಾವಣಿಯನ್ನು ಗೋಡೆಗೆ ಕಟ್ಟುವ ಜೋಡಣೆಯ ಚಿತ್ರ, ಬೆಲ್ಟಿನ ಅಳತೆ ಮತ್ತು ಸರಳಿನ ವಿವರ. ಈ ಚಿತ್ರದ ಒಂದು ಪ್ರತಿಯನ್ನು ಮೇಸ್ತ್ರಿಯವರಿಗೂ ಚಾವಣಿ ಹಾಕುವ ವೆಲ್ಡಿಂಗ್ ಕೆಲಸಗಾರರಿಗೂ ಕೊಡಬೇಕು. ಗೋಡೆ ಕಟ್ಟುವವರು ಒಬ್ಬರು, ಚಾವಣಿ ಹಾಕುವವರು ಇನ್ನೊಬ್ಬರಾದಾಗ ಇಬ್ಬರ ನಡುವಿನ ಜೋಡಣೆಯೇ ಬಿಟ್ಟುಹೋಗುತ್ತದೆ. ಸರಳು ಬೆಲ್ಟಿನೊಳಗೆ ಹೋದದ್ದನ್ನು ಕಾಂಕ್ರೀಟ್ ಹಾಕುವ ದಿನವೇ ಮನೆಯ ಮಾಲೀಕರು ಖುದ್ದಾಗಿ ನೋಡತಕ್ಕದ್ದು. ಆನಂತರ ಅದನ್ನು ನೋಡಲು ಸಾಧ್ಯವಾಗುವುದಿಲ್ಲ.

ವಸತಿ ಯೋಜನೆಗಳ ಫಲಾನುಭವಿಗಳು ಪಂಚಾಯಿತಿಯ ಎಂಜಿನಿಯರರಿಂದ ಈ ಸಲಹೆ ಪಡೆಯಬಹುದು. ಕಡಿಮೆ ವೆಚ್ಚದ ನಿರ್ಮಾಣ ವಿಧಾನಗಳ ಬಗ್ಗೆ ಜಿಲ್ಲಾ ನಿರ್ಮಿತಿ ಕೇಂದ್ರವನ್ನು ಸಂಪರ್ಕಿಸಬಹುದು.

8. ಮುನ್ಸೂಚನೆ ಮತ್ತು ಗಾಳಿಯ ಸಮಯದಲ್ಲಿ ವಹಿಸಬೇಕಾದ ಎಚ್ಚರಿಕೆ

ಭಾರತೀಯ ಹವಾಮಾನ ಇಲಾಖೆಯು ಜಿಲ್ಲಾವಾರು ಹಳದಿ, ಕಿತ್ತಳೆ ಹಾಗೂ ಕೆಂಪು ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಸ್ಥಳೀಯ ಮಳೆ, ಗಾಳಿಯ ಮಾಹಿತಿಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಪಡೆಯಬಹುದು. ಗಾಳಿ ಆರಂಭವಾದಾಗ:

– ಎಲ್ಲ ಬಾಗಿಲು ಕಿಟಕಿಗಳನ್ನು ಮುಚ್ಚಿ ಚಿಲಕ ಹಾಕಬೇಕು.
– ಶೀಟಿನ ಮನೆಯಲ್ಲಿ ಚಾವಣಿಯ ಅಂಚಿನಿಂದ ಮತ್ತು ತ್ರಿಕೋನ ಗೋಡೆಯಿಂದ ದೂರವಿರಬೇಕು. ಹತ್ತಿರದಲ್ಲಿ ತಾರಸಿ ಮನೆಯಿದ್ದರೆ ಮೋಡ ಕವಿದಾಗಲೇ ಮಕ್ಕಳನ್ನೂ ವೃದ್ಧರನ್ನೂ ಅಲ್ಲಿಗೆ ಕಳುಹಿಸಬೇಕು.
– ಏಳುತ್ತಿರುವ ಶೀಟನ್ನು ಕೈಯಿಂದ ಹಿಡಿದು ನಿಲ್ಲಿಸಲು ಪ್ರಯತ್ನಿಸಬಾರದು. ಶೀಟಿನ ಅಂಚು ಆಳವಾದ ಗಾಯ ಮಾಡುತ್ತದೆ.
– ಮರದ ಕೆಳಗೆ, ಕಾಂಪೌಂಡ್ ಗೋಡೆಯ ಪಕ್ಕ, ಜಾಹೀರಾತು ಫಲಕದ ಕೆಳಗೆ ನಿಲ್ಲಬಾರದು.
– ತುಂಡಾದ ವಿದ್ಯುತ್ ತಂತಿಯನ್ನೂ, ತಂತಿ ಬಿದ್ದಿರುವ ಶೀಟನ್ನೂ ಮುಟ್ಟಬಾರದು. ಮೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಬೇಕು. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬೇಕು.

9. ಹಾನಿಯಾದಲ್ಲಿ ಪರಿಹಾರಕ್ಕೆ ಅರ್ಜಿ

ಮನೆಗೆ ಹಾನಿಯಾದ ಕೂಡಲೇ ಗ್ರಾಮ ಆಡಳಿತಾಧಿಕಾರಿಗಳಿಗೆ ಅಥವಾ ನಾಡಕಚೇರಿಗೆ ತಿಳಿಸಿ, ತಹಶೀಲ್ದಾರರಿಗೆ ಲಿಖಿತ ಅರ್ಜಿ ಸಲ್ಲಿಸಬೇಕು. ಅರ್ಜಿಯೊಂದಿಗೆ ಮನೆಯ ಹಕ್ಕಿನ ದಾಖಲೆ, ಆಧಾರ್, ಬ್ಯಾಂಕ್ ಖಾತೆಯ ವಿವರ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸುವುದು ಉತ್ತಮ. ಸ್ಥಳ ಪರಿಶೀಲನೆ ಮುಗಿಯುವ ಮೊದಲು ದುರಸ್ತಿ ಮಾಡಿಸಲೇಬೇಕಾದಲ್ಲಿ, ಎಲ್ಲ ಕಡೆಯಿಂದಲೂ ಛಾಯಾಚಿತ್ರ ತೆಗೆದಿರಿಸಿಕೊಳ್ಳಬೇಕು.

ರಾಜ್ಯ ವಿಪತ್ತು ಪರಿಹಾರ ನಿಧಿಯಡಿ 2022-23ರಿಂದ 2025-26ರವರೆಗಿನ ಅವಧಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ದರಗಳಂತೆ, ಅಧಿಸೂಚಿತ ವಿಕೋಪಗಳಲ್ಲಿ ಪೂರ್ಣ ಹಾನಿಯಾದ ಮನೆಗೆ ಬಯಲು ಪ್ರದೇಶದಲ್ಲಿ 1,20,000 ರೂಪಾಯಿ. ಕನಿಷ್ಠ ಶೇಕಡ 15ರಷ್ಟು ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಹಾನಿಯಾದ ಗುಡಿಸಲಿಗೆ 8,000 ರೂಪಾಯಿ. ಮನೆಗೆ ಹೊಂದಿದ ಕೊಟ್ಟಿಗೆಗೆ 3,000 ರೂಪಾಯಿ. ಅರ್ಹತೆ ಹಾಗೂ ಅರ್ಜಿ ಸಲ್ಲಿಸುವ ದಿನಾಂಕದಂದು ಜಾರಿಯಲ್ಲಿರುವ ದರಗಳನ್ನು ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಈ ಮೊತ್ತವು ತಕ್ಷಣದ ನೆರವು ಮಾತ್ರ. ಹಾರಿಹೋದ ಚಾವಣಿಯನ್ನು ಪೂರ್ಣವಾಗಿ ಮತ್ತೆ ಹಾಕಿಸುವ ವೆಚ್ಚವನ್ನು ಭರಿಸಲು ಅದು ಸಾಕಾಗುವುದಿಲ್ಲ. ಶಕ್ತರಾದವರು ಮನೆಗೆ ವಿಮೆ ಮಾಡಿಸಿಕೊಳ್ಳಬಹುದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಗೃಹ ರಕ್ಷಾ ಎಂಬ ಪ್ರಮಾಣಿತ ಗೃಹ ವಿಮೆಯು ಬಿರುಗಾಳಿ, ಚಂಡಮಾರುತಗಳಿಂದಾಗುವ ಹಾನಿಯನ್ನೂ ಒಳಗೊಳ್ಳುತ್ತದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ತಾರಸಿ ಮನೆಗೆ ಗಾಳಿಯ ಭಯವಿಲ್ಲವೇ?
ಉತ್ತರ: ತಾರಸಿಗೆ ಇಲ್ಲ. ಆದರೆ ಸೋರಿಕೆ ತಡೆಯಲು ತಾರಸಿಯ ಮೇಲೆ ಕಂಬ ನಿಲ್ಲಿಸಿ ಹಾಕುವ ಶೀಟಿಗೆ ಇದೆ. ಅದು ಎತ್ತರದಲ್ಲಿದ್ದು ನಾಲ್ಕೂ ಕಡೆ ತೆರೆದಿರುವುದರಿಂದ ಕೆಳಗಿನ ಮನೆಗಿಂತ ಹೆಚ್ಚಿನ ಗಾಳಿಯನ್ನು ಎದುರಿಸುತ್ತದೆ. ಕಂಬದ ಬುಡದ ತಗಡನ್ನು ತಾರಸಿಯ ತೊಲೆಗೆ ಅಥವಾ ಕಾಂಕ್ರೀಟ್ ಕಂಬಕ್ಕೆ ಬೋಲ್ಟು ಮಾಡಬೇಕು. ಪ್ಯಾರಾಪೆಟ್ ಗೋಡೆಗೆ ಮಾತ್ರ ಹಿಡಿಸಬಾರದು.

ಪ್ರಶ್ನೆ: ಗಾಳಿ ಹಾದುಹೋಗಲೆಂದು ಕಿಟಕಿಗಳನ್ನು ತೆರೆದಿಡಬೇಕೆಂದು ಹೇಳುವುದು ಸರಿಯೇ?
ಉತ್ತರ: ಸರಿಯಲ್ಲ. ಬಿರುಗಾಳಿಯ ದಿಕ್ಕು ನಿಮಿಷಗಳಲ್ಲಿ ಬದಲಾಗುತ್ತದೆ. ತೆರೆದ ಕಿಟಕಿಯು ಗಾಳಿಗೆ ಎದುರಾದಾಗ ಒಳಗಿನ ಒತ್ತಡ ಹೆಚ್ಚಿ ಚಾವಣಿ ಏಳುತ್ತದೆ.

ಪ್ರಶ್ನೆ: ಈ ಜೋಡಣೆಗಳಿಗೆ ಹೆಚ್ಚಿನ ಖರ್ಚು ತಗಲುವುದೇ?
ಉತ್ತರ: ಕಟ್ಟುವಾಗಲೇ ಮಾಡಿದರೆ ಬೆಲ್ಟಿನ ಕಾಂಕ್ರೀಟು, ಕೆಲವು ಸರಳಿನ ತುಂಡುಗಳು, ಹೆಚ್ಚುವರಿ ಬೋಲ್ಟುಗಳು ಹಾಗೂ ಅವುಗಳ ಕೂಲಿ ಮಾತ್ರ. ಕಟ್ಟಿದ ನಂತರ ಮಾಡುವುದು ಇದಕ್ಕಿಂತ ಕಷ್ಟ ಮತ್ತು ದುಬಾರಿ.

ಪ್ರಶ್ನೆ: ಬಾಡಿಗೆದಾರರು ಏನು ಮಾಡಬಹುದು?
ಉತ್ತರ: ಮನೆಗೆ ಬರುವ ಮೊದಲೇ ಚಾವಣಿಯ ಪೈಪು ಗೋಡೆಗೆ ಸೇರುವ ಜಾಗವನ್ನೂ, ಶೀಟಿನ ಮೇಲೆ ಕಲ್ಲುಗಳಿವೆಯೇ ಎಂಬುದನ್ನೂ ನೋಡಬೇಕು. ಕಲ್ಲುಗಳಿದ್ದರೆ ಶೀಟು ಸರಿಯಾಗಿ ಬಿಗಿದಿಲ್ಲವೆಂಬುದಕ್ಕೆ ಅದೊಂದು ಸೂಚನೆ. ಬೇಸಿಗೆಗೆ ಮುನ್ನ ದುರಸ್ತಿ ಮಾಡಿಸಿಕೊಡುವಂತೆ ಮಾಲೀಕರನ್ನು ಕೋರಬೇಕು.

11. ಮನೆಗೆ ಚಾವಣಿ ಹಾಕುವ ಮೊದಲು ಪರಿಶೀಲಿಸಬೇಕಾದ ಅಂಶಗಳು

1) ಎಲ್ಲ ಗೋಡೆಗಳ ಮೇಲೂ ಕಡಿಯದ ಬೆಲ್ಟು ಇದೆಯೇ?
2) ಪ್ರತಿ ಪೈಪಿನ ಎರಡೂ ತುದಿಗೆ ಗೋಡೆಯೊಳಗಿನಿಂದ ಬಂದ ಸರಳು ಇದೆಯೇ?
3) ಅಂಚು ಮತ್ತು ಮೂಲೆಗಳಲ್ಲಿ ಬೋಲ್ಟುಗಳು ಎರಡರಷ್ಟು ಇವೆಯೇ?
4) ಸೂರು 50 ಸೆಂಟಿಮೀಟರಿಗಿಂತ ಹೆಚ್ಚು ಚಾಚಿಲ್ಲವಷ್ಟೇ?
5) ಜಗಲಿಯ ಮಾಡು ಮುಖ್ಯ ಚಾವಣಿಯಿಂದ ಬೇರೆಯಾಗಿದೆಯೇ?
6) ಚಾವಣಿಯ ಮೇಲೆ ಬಿಡಿಯಾದ ಭಾರ ಯಾವುದೂ ಇಲ್ಲವಷ್ಟೇ?

ಈ ಆರು ಅಂಶಗಳಿಗೂ ಸಮಾಧಾನಕರ ಉತ್ತರ ದೊರೆತ ನಂತರವೇ ಚಾವಣಿಯ ಕೆಲಸದ ಅಂತಿಮ ಹಣವನ್ನು ಪಾವತಿಸುವುದು ಸೂಕ್ತ.